‘ಸರ್, ನೀವು ಎಲ್ಲಿವರೆಗೆ ಆಡಿದ್ದೀರಿ?’

ಜಯನಗರದ ಕಡೆ ಒಂದು ರಿಂಕ್‌ನಲ್ಲಿ ಮಕ್ಕಳಿಗೆ ಇನ್‌ಲೈನ್ ಹಾಕಿ ಹೇಳಿಕೊಡುತ್ತೇನೆ. ಐಸ್ ಹಾಕಿಯ ತಮ್ಮ ಅನ್ನಬಹುದು. ಲೇಹ್‌ನಲ್ಲಿ ಚಳಿಗಾಲಕ್ಕೆ ನೀರು ಹೆಪ್ಪುಗಟ್ಟುತ್ತದೆ, ಅಲ್ಲಿನ ಮಕ್ಕಳು ಅದರ ಮೇಲೆ ಆಡುತ್ತಾರೆ. ನಮಗೆ ಇಲ್ಲಿ ಸಿಮೆಂಟು, ಚಕ್ರದ ಶೂ.

ಹೊಸದಾಗಿ ಮಗುವನ್ನು ಸೇರಿಸಲು ಬಂದ ಅಪ್ಪ-ಅಮ್ಮಂದಿರು ಲೇಸ್ ಕಟ್ಟುತ್ತಲೇ ಕೇಳುತ್ತಾರೆ: ‘ಸರ್, ನೀವು ಎಲ್ಲಿವರೆಗೆ ಆಡಿದ್ದೀರಿ?’ ಎರಡು ವರ್ಷ ರಾಜ್ಯ ತಂಡದಲ್ಲಿದ್ದೆ, ಜಾಸ್ತಿ ಹೊತ್ತು ಬೆಂಚಿನಲ್ಲೇ ಇದ್ದೆ. ಅದನ್ನು ಕೇಳಿ ಕೆಲವರ ಮುಖ ಸಣ್ಣಗಾಗುತ್ತದೆ. ಚೆನ್ನಾಗಿ ಆಡಿದವರೇ ಚೆನ್ನಾಗಿ ಹೇಳಿಕೊಡೋದು ಅಲ್ವಾ?

ಐಸ್ ಹಾಕಿಯಲ್ಲಿ ವೇಯ್ನ್ ಗ್ರೆಟ್ಸ್ಕಿಗಿಂತ ದೊಡ್ಡ ಹೆಸರಿಲ್ಲ. ಅಮೆರಿಕ-ಕೆನಡಾದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ 894 ಗೋಲು. ಅವರು 2005ರಿಂದ ನಾಲ್ಕು ಸೀಸನ್ ಫೀನಿಕ್ಸ್ ತಂಡಕ್ಕೆ ಕೋಚ್ ಆಗಿದ್ದರು. ತಂಡ ಒಂದು ಸಲವೂ ಪ್ಲೇಆಫ್ ಮುಟ್ಟಲಿಲ್ಲ. ಹಾಗಂತ ದೊಡ್ಡ ಆಟಗಾರರಿಗೆ ಕಲಿಸಲು ಬರಲ್ಲ ಅಂತಲ್ಲ. ಆಟಗಾರನಾಗಿ ಆ ಲೀಗ್‌ನ ಕಪ್ಪಾದ ಸ್ಟ್ಯಾನ್ಲಿ ಕಪ್ ಎಂಟು ಸಲ ಗೆದ್ದಿದ್ದ ಜಾಕ್ ಲೆಮೇರ್ 1995ರಲ್ಲಿ ಕೋಚ್ ಆಗಿಯೂ ಗೆದ್ದರು.

ಆದರೆ ನನಗೆ ಹತ್ತಿರದವರು ಕ್ರೇಗ್ ಬರೂಬಿ. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವರನ್ನು ಯಾವ ತಂಡವೂ ಆರಿಸಲಿಲ್ಲ. ಆದರೂ ಎನ್‌ಎಚ್‌ಎಲ್‌ನಲ್ಲಿ 1,054 ಪಂದ್ಯ ಆಡಿದರು. ಗೋಲು 61 ಮಾತ್ರ. ತಪ್ಪಿಗೆ ಶಿಕ್ಷೆಯಾಗಿ ಬಿದ್ದ ಪೆನಾಲ್ಟಿಯ ಲೆಕ್ಕ ಮಾತ್ರ 3,149 ನಿಮಿಷ! ಜೊತೆಯವರನ್ನು ಯಾರಾದರೂ ಕೆಣಕಿದರೆ ಅಡ್ಡ ನಿಲ್ಲುವುದು, ಕೈ ಮಿಲಾಯಿಸುವುದು ಅವರ ಕೆಲಸ. ಅಂಥವನಿಗೆ ಆಡಲು ಸಿಗುವ ಹೊತ್ತು ಕಡಿಮೆ. ಉಳಿದ ಹೊತ್ತೆಲ್ಲ ಕೂತು ನೋಡುವುದೇ. ಯಾರು ಸುಸ್ತಾಗಿದ್ದಾರೆ, ಯಾರು ಹೆದರಿದ್ದಾರೆ ಅನ್ನೋದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಇದು ಬೆಂಚಿನಲ್ಲಿ ಕೂತವನ ಅನುಭವದ ಮಾತು.

ಕೋಚಿಂಗ್ ಕೂಡ ಅವರಿಗೆ ಸುಮ್ನೆ ಸಿಗಲಿಲ್ಲ. ಕೆಳಗಿನ ಲೀಗ್‌ನಿಂದ ಮೇಲೆ ಬಂದರು. 2015ರಲ್ಲಿ ಫಿಲಡೆಲ್ಫಿಯಾ ತಂಡ ಅವರನ್ನು ಕೆಲಸದಿಂದ ತೆಗೆಯಿತು. ಮತ್ತೆ ಕೆಳಗಿನ ಲೀಗ್‌ಗೆ ಹೋದರು. 2018ರ ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ತಂಡ ಸೋಲುತ್ತಿದ್ದಾಗ ತಾತ್ಕಾಲಿಕ ಕೋಚ್ ಆದರು. 2019ರ ಜನವರಿ 3ಕ್ಕೆ ಆ ತಂಡ 31 ತಂಡಗಳಲ್ಲಿ ಕಟ್ಟಕಡೆಯದು. ನಾಲ್ಕು ದಿನದ ಮೇಲೆ ಜಾರ್ಡನ್ ಬಿನ್ನಿಂಗ್ಟನ್ ಎಂಬ ಹೊಸ ಗೋಲಿಯನ್ನು, ಅಂದರೆ ಗೋಲ್‌ಕೀಪರ್‌ನನ್ನು, ಮೊದಲಿನಿಂದಲೇ ಇಳಿಸಿದರು. ಆತ ಅವತ್ತು ಒಂದೂ ಗೋಲು ಬಿಡಲಿಲ್ಲ. ಜೂನ್ 12ಕ್ಕೆ ಬಾಸ್ಟನ್‌ನಲ್ಲಿ ಫೈನಲ್‌ನ ಏಳನೇ ಪಂದ್ಯವನ್ನು 4-1ರಿಂದ ಗೆದ್ದು ಕಪ್ ಎತ್ತಿದರು. 1967ರಿಂದ ಆಡುತ್ತಿದ್ದ ತಂಡಕ್ಕೆ ಅದೇ ಮೊದಲ ಕಪ್.

ಆದ್ದರಿಂದ ನನ್ನ ಉತ್ತರ ಇಷ್ಟೇ. ನಾನು ಎಷ್ಟು ಆಡಿದೆ ಅಂತ ಕೇಳಿ, ತಪ್ಪಿಲ್ಲ. ಆಮೇಲೆ ಒಂದು ಭಾನುವಾರ ಬೆಳಗ್ಗೆ ಬಂದು, ಬೆಂಚಿನ ಮಕ್ಕಳ ಜೊತೆ ನಾನು ಏನು ಮಾತಾಡುತ್ತೇನೆ ಅಂತಲೂ ನೋಡಿ.

ಹೋದ ವಾರ ಹತ್ತು ವರ್ಷದ ಹುಡುಗಿಯೊಬ್ಬಳು ಬೆಂಚಿನಿಂದ ನನ್ನ ತೋಳು ಎಳೆದಳು. ‘ಸರ್, ಆ ಗೋಲಿ ಎಡಗಡೆಗೆ ಲೇಟಾಗಿ ಬರ್ತಾನೆ’ ಅಂದಳು. ಹೌದು, ನಾನೂ ಅದನ್ನು ನೋಡಿರಲಿಲ್ಲ. ಹೆಲ್ಮೆಟ್ ಹಾಕಿಕೋ ಅಂದೆ.