ಆರರ ಕೆಳಗೆ ಐದನ್ನು ಕೂರಿಸುವ ಕಷ್ಟ

ನಾಲ್ಕು ದನಿಗಳ ಕೋರಾಲ್ (ಪಾಶ್ಚಾತ್ಯ ಚರ್ಚ್ ಗೀತೆ) ಒಂದರ ಹಾರ್ಮನಿಯನ್ನು, ಅಂದರೆ ಅದರ ಕಾರ್ಡುಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಜೋಡಣೆಯನ್ನು, ವಿಶ್ಲೇಷಿಸುವಾಗ ಕಾಗದದ ಮೇಲೆ ಯಾವ ತೊಡಕೂ ಇರುವುದಿಲ್ಲ. ಕೆಳಗಿನ ಸ್ಟಾಫಿನ (ಸ್ವರ ಬರೆಯುವ ಐದು ಗೆರೆಗಳ) ಅಡಿಯಲ್ಲಿ ಐದನ್ನು ಸೂಚಿಸುವ ರೋಮನ್ ಅಂಕಿಯನ್ನು ಬರೆದು, ಅದರ ಬಲಕ್ಕೆ ಪುಟ್ಟದಾಗಿ 6 ಮತ್ತು ಅದರ ಕೆಳಗೆ 5 ಎಂದು ಬರೆದರೆ, ಅದು ಡಾಮಿನೆಂಟ್ ಸೆವೆಂತ್ ಕಾರ್ಡಿನ (ಐದನೆಯ ಸ್ವರದ ಮೇಲೆ ಕಟ್ಟಿದ ನಾಲ್ಕು ಸ್ವರಗಳ ಕಾರ್ಡಿನ) ಮೊದಲ ಇನ್ವರ್ಷನ್, ಅಂದರೆ ಮೂಲಸ್ವರದ ಬದಲು ಅದರ ಮುಂದಿನ ಸ್ವರ ಅತಿ ಕೆಳಗಿರುವ ರೂಪ ಎಂದು ಓದುವವರಿಗೆ ತಿಳಿಯುತ್ತದೆ. ಇದೇ ಕೆಲಸವನ್ನು ಸ್ವರಲಿಪಿಯ ತಂತ್ರಾಂಶದಲ್ಲಿ ಮಾಡಲು ಹೊರಟ ಮೊದಲ ಸಲ, ಎಂಟು ಬಾರುಗಳ (ತಾಳದ ಖಾನೆಗಳ) ಒಂದು ಅಭ್ಯಾಸಪಾಠಕ್ಕೆ ನಾನು ಕಾರ್ಡುಗಳನ್ನು ಗುರುತಿಸುವುದಕ್ಕಿಂತ ಅಂಕಿಗಳನ್ನು ಎಳೆದಾಡುವುದರಲ್ಲೇ ಹೆಚ್ಚು ಹೊತ್ತು ಕಳೆದೆ.

ಈ ಚಿಹ್ನೆಗಳು ನೋಡಲು ಚಿಕ್ಕವಾದರೂ ಅವುಗಳಲ್ಲಿ ತುಂಬಿರುವ ಮಾಹಿತಿ ಬಹಳ. ದೊಡ್ಡಕ್ಷರದ ರೋಮನ್ ಅಂಕಿ ಮೇಜರ್ ಕಾರ್ಡನ್ನೂ ಸಣ್ಣಕ್ಷರದ್ದು ಮೈನರ್ ಕಾರ್ಡನ್ನೂ ಹೇಳುತ್ತದೆ; ಪಕ್ಕದ ಸಣ್ಣ ಸೊನ್ನೆ ಡಿಮಿನಿಶ್ಡ್ ಎಂದೂ, ಗೀಟು ಹೊಡೆದ ಸೊನ್ನೆ ಹಾಫ್ ಡಿಮಿನಿಶ್ಡ್ ಎಂದೂ ಹೇಳುತ್ತದೆ. ದೊಡ್ಡ–ಸಣ್ಣ ಅಕ್ಷರಗಳ ಈ ಭೇದವನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದವನು ಜರ್ಮನ್ ಸಂಗೀತಶಾಸ್ತ್ರಜ್ಞ ಗಾಟ್‌ಫ್ರೀಡ್ ವೇಬರ್. 1817ರಿಂದ 1821ರವರೆಗೆ ಪ್ರಕಟವಾದ ಅವನ ಸಂಗೀತಶಾಸ್ತ್ರ ಗ್ರಂಥದಲ್ಲಿ ಅದು ಕಾಣುತ್ತದೆ. ಅಂಥ ಭೇದವೇ ಇಲ್ಲದ ಲಿಪಿಯಲ್ಲಿ ಬರೆದು ಬೆಳೆದ ನನಗೆ, ಶಿಫ್ಟ್ ಕೀಲಿಯನ್ನು ಒತ್ತಲು ಮರೆತರೆ ಮೇಜರ್ ಹೋಗಿ ಮೈನರ್ ಆಗುತ್ತದೆಂಬುದು ಮೈಗೂಡಲು ದಿನಗಳೇ ಬೇಕಾದವು.

ಮೊದಲಿಗೆ ನಾನು ಮಾಡಿದ್ದು ತಪ್ಪು ದಾರಿ. ಪ್ರತಿ ಬಾರಿನ ಮೊದಲ ಸ್ವರಕ್ಕೆ ಸಾಮಾನ್ಯ ಪಠ್ಯವನ್ನು ಸೇರಿಸಿ, ಆ ಬಾರಿನ ಎಲ್ಲ ಅಂಕಿಗಳನ್ನೂ ಅದರಲ್ಲೇ ಬರೆದು, ನಡುವೆ ಖಾಲಿ ಜಾಗಗಳನ್ನು ಒತ್ತಿ ಒತ್ತಿ ಕಾರ್ಡುಗಳ ಕೆಳಗೆ ಹೊಂದಿಸಿದೆ. ಪುಟದ ಅಂಚನ್ನು ಬದಲಿಸಿದ ಕೂಡಲೇ ಬಾರುಗಳು ಹಿಗ್ಗಿ ಕುಗ್ಗಿದವು, ಅಂಕಿಗಳು ಮಾತ್ರ ಇದ್ದಲ್ಲೇ ಉಳಿದು ಪಕ್ಕದ ಕಾರ್ಡಿಗೆ ಸೇರಿದಂತೆ ಕಂಡವು. ವಿಶ್ಲೇಷಣೆಯ ಪ್ರತಿ ಚಿಹ್ನೆಯೂ ಒಂದು ಕಾಲಬಿಂದುವಿಗೆ ಸೇರಿದ್ದು. ಅದನ್ನು ಆ ಬಿಂದುವಿಗೇ ಕಟ್ಟಬೇಕು.

ಆದ್ದರಿಂದಲೇ ಬಹಳ ಮಂದಿ ಹಾಡಿನ ಸಾಹಿತ್ಯವನ್ನು ತುಂಬಿಸುವ ಸಾಧನವನ್ನು ಈ ಕೆಲಸಕ್ಕೆ ಎರವಲು ಪಡೆದರು. ಅಲ್ಲಿ ಪ್ರತಿ ಉಚ್ಚಾರಾಂಶವೂ ತನ್ನ ಸ್ವರಕ್ಕೆ ಅಂಟಿರುತ್ತದೆ, ಸಾಲು ನೇರವಾಗಿ ನಿಲ್ಲುತ್ತದೆ. ಆದರೆ ಆರರ ಕೆಳಗೆ ಐದನ್ನು ಕೂರಿಸಲು ಅದರಲ್ಲಿ ದಾರಿಯಿಲ್ಲ. ಯೂನಿಕೋಡಿನ ಮೇಲಂಕಿ, ಕೆಳಂಕಿಗಳನ್ನು ಬಳಸಿದರೆ ⁶₅ ಎಂದು ಮೆಟ್ಟಿಲಿನಂತೆ ಒಂದರ ಮುಂದೊಂದು ಬರುತ್ತವೆಯೇ ಹೊರತು ಒಂದರ ಕೆಳಗೊಂದು ಬರುವುದಿಲ್ಲ.

ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದ 3.3ನೆಯ ಆವೃತ್ತಿಯಲ್ಲಿ ರೋಮನ್ ಅಂಕಿಗಳ ವಿಶ್ಲೇಷಣೆಗೆಂದೇ ಒಂದು ಪಠ್ಯಪ್ರಕಾರ ಬಂದಿತು. ಅದರೊಂದಿಗೆ ಕಂಪಾನಿಯಾ ಎಂಬ ಫಾಂಟೂ ಬಂದಿತು. ಒಂದು ಸ್ವರವನ್ನು ಆಯ್ದು, ಆಡ್ ಮೆನುವಿನ ಟೆಕ್ಸ್ಟ್ ಪಟ್ಟಿಯಲ್ಲಿ ಅದನ್ನು ಆರಿಸಿ, ದೊಡ್ಡಕ್ಷರದ ‘ವಿ’ಯ ನಂತರ 65 ಎಂದು ನೇರವಾಗಿ ಒತ್ತಿದರೆ ಸಾಕು, 6 ಮೇಲೇರಿ 5 ಅದರಡಿಗೆ ಇಳಿಯುತ್ತದೆ. ಸ್ಪೇಸ್ ಕೀಲಿಯನ್ನು ಒತ್ತಿದರೆ ಮುಂದಿನ ಸ್ವರಕ್ಕೆ ಹೋಗುತ್ತೇವೆ. ಸಣ್ಣಕ್ಷರದ ‘ಓ’ ಡಿಮಿನಿಶ್ಡ್ ವೃತ್ತವಾಗುತ್ತದೆ, ಅಂಕಿಯ 0 ಗೀಟು ಹೊಡೆದ ವೃತ್ತವಾಗುತ್ತದೆ. ಇವೆರಡನ್ನೂ ಅದಲುಬದಲು ಮಾಡಿ ನಾನು ಒಂದು ಪುಟವನ್ನೇ ತಿದ್ದಬೇಕಾಯಿತು.

ಇದರಲ್ಲಿ ನನಗೆ ಅತ್ಯಂತ ಪರಿಚಿತವೆನಿಸಿದ್ದು ಅದರ ಕೆಲಸದ ರೀತಿ. ಕನ್ನಡದಲ್ಲಿ ನಾವು ‘ಕ’, ವಿರಾಮ, ‘ತ’ ಎಂದು ಸಾಲಾಗಿ ಒತ್ತುತ್ತೇವೆ. ‘ತ’ವನ್ನು ಒತ್ತಕ್ಷರವಾಗಿಸಿ ಅಡಿಯಲ್ಲಿ ಕೂರಿಸುವುದು ಫಾಂಟಿನೊಳಗಿನ ನಿಯಮ. ಕಂಪಾನಿಯಾ ಅಂಕಿಗಳಿಗೆ ಮಾಡುವುದೂ ಅದನ್ನೇ. ಕಡತದಲ್ಲಿ ಉಳಿಯುವುದು ನೇರ ಸಾಲಿನ ಅಕ್ಷರಗಳು, ಆದ್ದರಿಂದ ಫಾಂಟಿಲ್ಲದ ಕಡೆಯೂ ಅವು ಹೇಗೋ ಓದಲು ಬರುತ್ತವೆ. ಒಂದೊಂದು ಕೀಲಿಗೂ ಸಂಬಂಧವಿಲ್ಲದ ಚಿಹ್ನೆಯನ್ನು ಹಚ್ಚಿದ ಹಳೆಯ ಬಗೆಯ ಸಂಗೀತ ಫಾಂಟುಗಳಿಗೆ ಈ ಗುಣವಿಲ್ಲ. ಯೂನಿಕೋಡ್‌ಗೆ ಮುಂಚಿನ ಕನ್ನಡ ಕಡತವೊಂದನ್ನು ಬೇರೆ ಗಣಕದಲ್ಲಿ ತೆರೆದು ಕಂಗಾಲಾದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟಾದರೂ ಸಾಲು ನೇರವಾಗಿ ನಿಲ್ಲುವುದಿಲ್ಲ. ಕೆಳಗಿಳಿದ ಬೇಸ್ (ಅತಿ ಕೆಳಗಿನ ದನಿಯ) ಸ್ವರಕ್ಕೆ ತಾಗದಂತೆ ತಂತ್ರಾಂಶವು ಒಂದೊಂದು ಚಿಹ್ನೆಯನ್ನೂ ತಾನಾಗಿಯೇ ಸರಿಸುವುದರಿಂದ ಸಾಲು ಅಲೆಯಂತೆ ಏರಿಳಿಯುತ್ತದೆ. ಎಲ್ಲ ಚಿಹ್ನೆಗಳನ್ನೂ ಒಟ್ಟಿಗೆ ಆಯ್ದು, ಸ್ವಯಂಚಾಲಿತ ಜೋಡಣೆಯನ್ನು ನಿಲ್ಲಿಸಿ, ಒಂದೇ ಲಂಬ ಅಂತರವನ್ನು ಕೊಡುವುದು ನನಗೆ ಹಿಡಿಸಿದ ಪರಿಹಾರ. ಬೇಸ್ ಕದಲದೆ ಮೇಲಿನ ದನಿಗಳು 6–4ರಿಂದ 5–3ಕ್ಕೆ ಇಳಿಯುವ, ಸಾಲನ್ನು ಮುಗಿಸುವ ಕೇಡೆನ್ಸ್‌ನಲ್ಲಿ ಮಾತ್ರ ನಾನು ಕಂಟ್ರೋಲ್ ಮತ್ತು ‘ಜಿ’ ಒತ್ತಿ ಫಿಗರ್ಡ್ ಬೇಸ್ (ಬೇಸ್ ಸ್ವರದ ಕೆಳಗೆ ಅಂಕಿಗಳನ್ನು ಬರೆಯುವ) ಸಾಧನವನ್ನೇ ಬಳಸುತ್ತೇನೆ.

ಕೃತಿಯನ್ನು ಬೇರೆ ಶ್ರುತಿಗೆ ಏರಿಸಿದಾಗ ರೋಮನ್ ಅಂಕಿಗಳು ಬದಲಾಗಬೇಕಿಲ್ಲ, ಅದೇ ಅವುಗಳ ಸೊಗಸು. ಆದರೆ ಸಾಲಿನ ಆರಂಭದಲ್ಲಿ ನಾವೇ ಬರೆದ ಶ್ರುತಿಯ ಹೆಸರನ್ನು ತಂತ್ರಾಂಶ ಮುಟ್ಟುವುದಿಲ್ಲ, ಕೈಯಾರೆ ತಿದ್ದಬೇಕು. 2021ರ ಮ್ಯೂಸಿಕ್‌ಎಕ್ಸ್‌ಎಂಎಲ್ 4.0 (ತಂತ್ರಾಂಶಗಳ ನಡುವೆ ಸ್ವರಲಿಪಿಯನ್ನು ಸಾಗಿಸುವ ಕಡತ ವಿನ್ಯಾಸ) ರೋಮನ್ ಅಂಕಿಗಳಿಗೆ ಪ್ರತ್ಯೇಕ ಅಂಶವನ್ನೇ ಕೊಟ್ಟಿದೆಯಾದರೂ, ಕಳಿಸುವ ಮತ್ತು ಪಡೆಯುವ ತಂತ್ರಾಂಶಗಳೆರಡೂ ಅದನ್ನು ಅರಿತಿದ್ದರೆ ಮಾತ್ರ ಪ್ರಯೋಜನ. ಅಲ್ಲಿಯವರೆಗೆ ನಾನು ಕಡತದ ಜೊತೆಗೆ ಪಿಡಿಎಫ್ ಪ್ರತಿಯನ್ನೂ ಕಳಿಸುತ್ತೇನೆ.