ಟ್ಯಾಂಕಿನೊಳಗೆ ಇಳಿಯದೆ ಹಾಕಿದ ಸಹಿ

ನನ್ನ ಕಾರ್ಡಿನ ಮೇಲೆ 'ಲೆಂಡರ್ಸ್ ಎಂಜಿನಿಯರ್' ಎಂದಿತ್ತು. ಹಾಗೆಂದರೇನು ಎಂದು ಊರಲ್ಲಿ ಅಪ್ಪ ಕೇಳಿದಾಗ, ಸಾಲ ಕೊಟ್ಟ ಬ್ಯಾಂಕಿನ ಕಣ್ಣು ಅಂದಿದ್ದೆ. ವಿದ್ಯುತ್ ಸ್ಥಾವರ ಕಟ್ಟುವವರು ಬಿಲ್ ಇಡುತ್ತಾರೆ. ಅಷ್ಟು ಕೆಲಸ ಆಗಿದೆ ಎಂದು ನಾವು ಬರೆದುಕೊಟ್ಟ ಮೇಲೆ ಸಾಲದ ಮುಂದಿನ ಕಂತು. ನಮ್ಮ ಫೀಸು ಕೊಡುವುದು ಮಾತ್ರ ಸಾಲ ತೆಗೆದುಕೊಂಡ ಕಂಪನಿಯೇ! ಸೈಟಿನ ಮೆಸ್ಸಿನಲ್ಲಿ ಅವರ ಅನ್ನ ಉಂಡು ಅವರ ಬಿಲ್ ಕತ್ತರಿಸುವ ಮುಜುಗರ ನನಗೆ ಕೊನೆಯವರೆಗೂ ಹೋಗಲಿಲ್ಲ.

ಸ್ಥಾವರ ಪಶ್ಚಿಮ ಏಷ್ಯಾದ್ದು, ಹೆಸರು ಬೇಡ. ಗ್ಯಾಸ್, ಫರ್ನೇಸ್ ಆಯಿಲ್ ಎಂಬ ಮಂದ ಕಪ್ಪೆಣ್ಣೆ, ಡೀಸೆಲ್ ಮೂರರಲ್ಲೂ ಓಡುವ ಎಂಜಿನ್‌ಗಳು. ಆ ಕಡೆ ಇಂಥವನ್ನು ಶೋಕಿಗೆ ಕಟ್ಟುವುದಿಲ್ಲ. 2011ರಿಂದ ಸಿನಾಯಿಯಲ್ಲಿ ಪೈಪ್‌ಲೈನಿಗೆ ಮೇಲಿಂದ ಮೇಲೆ ಬಾಂಬ್ ಇಟ್ಟು ಸಿಡಿಸಿ ಈಜಿಪ್ಟಿನ ಗ್ಯಾಸ್ ತಪ್ಪಿದಾಗ ಜೋರ್ಡಾನ್ ದುಬಾರಿ ಎಣ್ಣೆ ಸುಟ್ಟು ಸಾಲದಲ್ಲಿ ಮುಳುಗಿತು. ಅದರ ರಾಜಧಾನಿ ಅಮ್ಮಾನ್ ಹತ್ತಿರ 38 ಎಂಜಿನ್‌ಗಳ, 573 ಮೆಗಾವ್ಯಾಟ್‌ನ ಮೂರಿಂಧನದ ಸ್ಥಾವರ ಎದ್ದದ್ದು ಆ ಪೆಟ್ಟಿನ ನಂತರ. ಒಂದೇ ಇಂಧನ ನೆಚ್ಚಿಕೊಂಡರೆ ಏನಾಗುತ್ತದೆಂದು ಮಂಗಳೂರಿನವರಿಗೂ ಗೊತ್ತು: ತಣ್ಣೀರುಬಾವಿಯಲ್ಲಿ ನಾಫ್ತಾ ಎಂಬ ತೆಳು ಎಣ್ಣೆ ಸುಡುತ್ತಿದ್ದ ತೇಲುವ ವಿದ್ಯುತ್ ಸ್ಥಾವರ ತನ್ನ ಬಾರ್ಜ್ ದೋಣಿ ಸಮೇತ ಕಾಕಿನಾಡಕ್ಕೆ ಹೋಯಿತಲ್ಲ, ಗ್ಯಾಸ್ ಹುಡುಕಿಕೊಂಡು.

ನನ್ನ ತಪ್ಪಿಗೆ ಬರುತ್ತೇನೆ. ಫರ್ನೇಸ್ ಆಯಿಲ್ ಟ್ಯಾಂಕ್ ಎದ್ದು ನಿಂತಿತ್ತು, ಬಣ್ಣವೂ ಆಗಿತ್ತು. 'ಪೂರ್ಣ' ಎಂದು ಸಹಿ ಹಾಕಿದೆ. ಆ ಎಣ್ಣೆ ತಣ್ಣಗಾದರೆ ಬೆಲ್ಲದ ಪಾಕ. ಟ್ಯಾಂಕಿನಲ್ಲೇ ಸುಮಾರು 50 ಡಿಗ್ರಿ ಇಡಬೇಕು, ಎಂಜಿನ್ ಬಾಯಿಗೆ ಹೋಗುವಾಗ 120 ದಾಟಬೇಕು. ಅದನ್ನು ಬಿಸಿ ಇಡುವ ಹಬೆಯ ಕಾಯಿಲ್‌ಗಳು ಇನ್ನೂ ಗೋದಾಮಿನ ಪೆಟ್ಟಿಗೆಯಲ್ಲಿದ್ದವು. ಚಳಿಗಾಲದಲ್ಲಿ ಮೊದಲ ಲೋಡು ಎಣ್ಣೆ ತುಂಬಿದರು, ಪಂಪು ಎಳೆಯಲೇ ಇಲ್ಲ.

ನಮ್ಮ ಹಿರಿಯ ಎಂಜಿನಿಯರ್ ಧಾರವಾಡದವರು. ಬೈಯಲಿಲ್ಲ. "ತಮ್ಮಾ, ಒಳಗ ಇಳದು ನೋಡಿದ್ದೇನು?" ಅಂದರು. "ಇಲ್ಲ ಸರ್." "ಮತ್ತ ಇಳದಿಲ್ಲ ಅಂತ ಬರೀಬೇಕಿತ್ತಲ್ಲ." ತಿದ್ದುಪಡಿ ಪತ್ರವನ್ನು ನನ್ನ ಕೈಯಿಂದಲೇ ಬರೆಸಿದರು. ತುಂಬಿದ ಎಣ್ಣೆ ಹೊರತೆಗೆದು, ಟ್ಯಾಂಕ್ ತೊಳೆದು ಕಾಯಿಲ್ ಕೂರಿಸುವಷ್ಟರಲ್ಲಿ ಆರು ವಾರ ಹೋದವು.

ಮುಂದೆ ಕೆಲಸ ಮುಗಿದ ಪ್ರಮಾಣಪತ್ರದ ಹೊತ್ತಿಗೆ ಗ್ಯಾಸ್ ಲೈನ್ ಸೈಟಿಗೆ ಬಂದಿರಲಿಲ್ಲ. ಎಣ್ಣೆಯಲ್ಲಿ ಪರೀಕ್ಷೆ ಪಾಸಾಗಿದೆ, ಎಂಜಿನ್ ಅದೇ ತಾನೇ, ಗ್ಯಾಸಿನ ಲೆಕ್ಕ ಕಾಗದದ ಮೇಲೆ ಹಾಕಿ ಮುಗಿಸಿ ಎಂದರು ಗುತ್ತಿಗೆದಾರರು. ಕೇಳಲು ಸರಿಯೇ ಅನಿಸುತ್ತದೆ. ಆದರೆ ಗ್ಯಾಸಿಗೆ ಬೇರೆ ವಾಲ್ವು, ಬೇರೆ ಕಂಟ್ರೋಲ್. ಲೋಡಿನಲ್ಲಿರುವಾಗಲೇ ಗ್ಯಾಸಿನಿಂದ ಎಣ್ಣೆಗೆ ಹೊರಳುತ್ತದೋ ಇಲ್ಲವೋ ಎಂಬುದು ಓಡಿಸಿ ನೋಡಿದರೆ ಮಾತ್ರ ತಿಳಿಯುವುದು. ಬ್ಯಾಂಕು ಮೂರು ಇಂಧನಕ್ಕೆಂದು ಸಾಲ ಕೊಟ್ಟಿದೆ. ವರದಿಯಲ್ಲಿ ಎಣ್ಣೆ, ಡೀಸೆಲ್ ಎದುರು 'ನೋಡಿದೆ' ಎಂದೂ, ಗ್ಯಾಸ್ ಎದುರು 'ನೋಡಿಲ್ಲ' ಎಂದೂ ಬರೆದೆ.

ಮಾರನೆ ದಿನ ಮೆಸ್ಸಿನಲ್ಲಿ ನನ್ನ ಟೇಬಲ್ಲಿಗೆ ಯಾರೂ ಬಂದು ಕೂರಲಿಲ್ಲ.