ಪೇಟೆ ಸುತ್ತುವ ವಿದ್ಯುತ್ ಬಸ್ಸಿಗೆ ಗಂಟೆಯ ಲೆಕ್ಕ

27 ಡಿಸೆಂಬರ್ 2024, ಶುಕ್ರವಾರ

ಬೆಂಗಳೂರಿನ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಯ ಮೊದಲ ಗುತ್ತಿಗೆ ವಿದ್ಯುತ್ ಬಸ್ಸಿಗೆ ಚಾಲನೆ ಸಿಕ್ಕಿದ್ದು 27 ಡಿಸೆಂಬರ್ 2021ರಂದು. ಆ ಒಪ್ಪಂದ 90 ಬಸ್ಸುಗಳದು. 9 ಮೀಟರ್ ಉದ್ದ, ಎಸಿ ಇಲ್ಲ, ಮೆಟ್ರೊ ನಿಲ್ದಾಣಕ್ಕೆ ಜನರನ್ನು ತಲುಪಿಸುವ ಫೀಡರ್ ಕೆಲಸಕ್ಕೆಂದೇ ತಂದವು. ಗುತ್ತಿಗೆದಾರರಿಗೆ ಕಿಲೋಮೀಟರಿಗೆ 51.67 ರೂಪಾಯಿ, ದಿನಕ್ಕೆ ಕನಿಷ್ಠ 180 ಕಿ.ಮೀ. ಬಸ್ಸು, ಚಾಲಕರು ಗುತ್ತಿಗೆದಾರರ ಕಡೆಯವರು, ಕಂಡಕ್ಟರ್ ಸಂಸ್ಥೆಯವರು. ಇದೇ ಅಳತೆಯ ಬಸ್ಸನ್ನು ಮೆಜೆಸ್ಟಿಕ್, ಮೈಸೂರು ಬ್ಯಾಂಕ್ ವೃತ್ತ, ಕಾರ್ಪೊರೇಷನ್, ಮಾರ್ಕೆಟ್ ಸುತ್ತುವ ಶಟಲ್‌ಗೆ ಹಾಕಬೇಕೆಂದರೆ ಲೆಕ್ಕ ಹೇಗೆ ಹಿಡಿಯಬೇಕು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಒಂದು ಸುತ್ತು 8 ಕಿ.ಮೀ. ಎಂದಿಟ್ಟುಕೊಳ್ಳೋಣ. ಪೇಟೆಯೊಳಗೆ ಗಂಟೆಗೆ 10 ಕಿ.ಮೀ.ಗಿಂತ ಹೆಚ್ಚಿನ ವೇಗ ನಂಬಬಾರದು. 48 ನಿಮಿಷ ಓಟ, 12 ನಿಮಿಷ ನಿಲುಗಡೆ, ಒಟ್ಟು ಒಂದು ಗಂಟೆ. ಹತ್ತು ನಿಮಿಷಕ್ಕೊಂದು ಬಸ್ ಬೇಕಾದರೆ ರಸ್ತೆಯಲ್ಲಿ 6 ಇರಬೇಕು. ಆ 12 ನಿಮಿಷವನ್ನು ಕಡಿತ ಮಾಡಿ ಒಂದು ಬಸ್ ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಮಾರ್ಕೆಟ್ ಮುಂದೆ ಹತ್ತು ನಿಮಿಷ ಸಿಕ್ಕಿಬಿದ್ದ ಬಸ್ಸು ಮತ್ತೆ ಸಮಯಕ್ಕೆ ಕೂಡಿಕೊಳ್ಳುವುದು ಅಲ್ಲೇ. ಅದಿಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಮೂರು ಬಸ್ಸು ಒಂದರ ಹಿಂದೆ ಒಂದು ಬರುತ್ತವೆ, ಆಮೇಲೆ ಅರ್ಧ ಗಂಟೆ ಒಂದೂ ಇರುವುದಿಲ್ಲ.

ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ 14 ಸುತ್ತು, 112 ಕಿ.ಮೀ. ಡಿಪೋ 15 ಕಿ.ಮೀ. ದೂರವಿದ್ದರೆ ಪ್ರಯಾಣಿಕರಿಲ್ಲದೆ ಹೋಗಿಬರುವ ಡೆಡ್ ಕಿಲೋಮೀಟರ್ 30. ಒಟ್ಟು 142. ಒಪ್ಪಂದ ತೊಡಕಾಗುವುದು ಇಲ್ಲಿ. 180 ಕಿ.ಮೀ.ಗೆ ಹಣ ಕಟ್ಟಲೇಬೇಕು, ಅಂದರೆ ಬಸ್ಸೊಂದಕ್ಕೆ ದಿನಕ್ಕೆ ಸುಮಾರು 9,300 ರೂಪಾಯಿ. ಓಡಿದ್ದು 142 ಆದರೆ ಕಿಲೋಮೀಟರಿಗೆ 65 ರೂಪಾಯಿ ದಾಟಿತು. ಹೊರವಲಯದ ಫೀಡರ್‌ಗೆ ಸರಿಹೋಗುವ ಷರತ್ತು ಪೇಟೆ ಶಟಲ್‌ಗೆ ಒಗ್ಗುವುದಿಲ್ಲ. ಪೇಟೆಯ ಬಸ್ಸಿಗೆ ದುಡಿದ ಗಂಟೆಗೆ ಇಷ್ಟು ಎಂದು ಟೆಂಡರ್ ಕರೆಯುವುದೇ ನ್ಯಾಯ.

ವಿದ್ಯುತ್ತಿನದೂ ಇದೇ ಕಥೆ. ಏರ್ ಕಂಪ್ರೆಸರ್, ಸ್ಟೀರಿಂಗ್ ಪಂಪು, ದೀಪ, ಬ್ಯಾಟರಿ ತಂಪು ಮಾಡುವ ವ್ಯವಸ್ಥೆ, ಇವೆಲ್ಲ ಬಸ್ಸು ನಿಂತಿದ್ದಾಗಲೂ ಉಣ್ಣುತ್ತವೆ. ಗಂಟೆಗೆ 2 ಯೂನಿಟ್ ಹಿಡಿದರೆ, 20 ಕಿ.ಮೀ. ವೇಗದಲ್ಲಿ ಕಿಲೋಮೀಟರಿಗೆ 0.1 ಯೂನಿಟ್, 10ರ ವೇಗದಲ್ಲಿ 0.2. ಎಸಿ ಹಾಕಿ ಗಂಟೆಗೆ ಇನ್ನೂ 6 ಯೂನಿಟ್ ಸೇರಿಸಿದರೆ ಕಿಲೋಮೀಟರಿಗೆ 0.6 ಹೆಚ್ಚು, ಹೆಚ್ಚುಕಡಿಮೆ ಚಕ್ರ ತಿರುಗಿಸುವಷ್ಟೇ ಖರ್ಚು! ಚಿಕ್ಕ ಸುತ್ತಿಗೆ ಎಸಿ ಬೇಡ ಎನ್ನುವುದು ಜಿಪುಣತನವಲ್ಲ.

ಎಸಿ ಇಲ್ಲದ ಬಸ್ಸಿಗೆ ಕಿಲೋಮೀಟರಿಗೆ ಪೇಟೆಯಲ್ಲಿ 0.9 ಯೂನಿಟ್, ಡಿಪೋ ದಾರಿಯಲ್ಲಿ 0.8 ಎಂದು ಹಿಡಿದರೆ ದಿನಕ್ಕೆ 125 ಯೂನಿಟ್. 150 ಯೂನಿಟ್ ಬ್ಯಾಟರಿಯಲ್ಲಿ ಕೆಳಗಿನ 20 ಪ್ರತಿಶತ ಮುಟ್ಟದೆ ಬಿಟ್ಟರೆ ಕೈಗೆ ಸಿಗುವುದು 120. ಐದು ಯೂನಿಟ್ ತಾನೇ, ಹೇಗೋ ಆದೀತು ಎನಿಸುತ್ತದೆ. ಆದರೆ ವರ್ಷಗಳು ಕಳೆದು ಬ್ಯಾಟರಿ ಐದರಲ್ಲಿ ಒಂದು ಪಾಲು ಸವೆದಾಗ ಸಿಗುವುದು 96 ಮಾತ್ರ. ವೇಳಾಪಟ್ಟಿಯನ್ನು ಹೊಸ ಬ್ಯಾಟರಿಗಲ್ಲ, ಈ 96ಕ್ಕೆ ಬರೆಯಬೇಕು.

ಹಾಗಾಗಿ ಟರ್ಮಿನಸ್‌ನಲ್ಲಿ 60 ಕಿಲೋವ್ಯಾಟಿನ ಒಂದು ಚಾರ್ಜರ್ ಇಡಿ. 40 ನಿಮಿಷಕ್ಕೆ 38ರಷ್ಟು ಯೂನಿಟ್ ತುಂಬುತ್ತದೆ, ಕೊರತೆ ಮುಚ್ಚಲು ಅಷ್ಟು ಸಾಕು. ಸಿಬ್ಬಂದಿಯ ಊಟದ ಬಿಡುವನ್ನೂ ಅದಕ್ಕೇ ಹೊಂದಿಸಿ, 11ರಿಂದ 5ರೊಳಗೆ ಒಂದೊಂದಾಗಿ ಬಸ್ಸುಗಳನ್ನು ಒಳಗೆ ತನ್ನಿ. ಆ ಜಾಗ ತುಂಬಲು ಏಳನೆಯ ಬಸ್ಸು, ರಿಪೇರಿಗೆ ಎಂಟನೆಯದು. ಚಾರ್ಜರ್ ಮುಂದಿನ ಜಾಗಕ್ಕೆ ಕಂಬ ನೆಟ್ಟು ಸರಪಳಿ ಹಾಕಿ. ಆಟೊ, ಬೈಕು ನಿಂತುಬಿಟ್ಟರೆ ಇಡೀ ಮಧ್ಯಾಹ್ನದ ಸರದಿಯೇ ಕೆಡುತ್ತದೆ.

ರಸ್ತೆಯ ಮೇಲೆ ಬಸ್ಸು ನಿಲ್ಲಿಸುವುದು ಎಷ್ಟೋ ಸಲ ಸಣ್ಣ ಸಂಗತಿ. ದೊಡ್ಡ ಬ್ಯಾಟರಿ ಭರ್ತಿ ಇದ್ದರೂ 24 ವೋಲ್ಟಿನ ಚಿಕ್ಕ ಬ್ಯಾಟರಿ ಸತ್ತರೆ ದೊಡ್ಡದನ್ನು ಮೋಟರಿಗೆ ಜೋಡಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಕೂಡುವುದೇ ಇಲ್ಲ, ಬಸ್ಸು ಏಳುವುದಿಲ್ಲ. ಚಾರ್ಜಿಂಗ್ ಸಾಕೆಟ್ಟಿನ ಮೇಲೆ ನೇರ ಪೈಪು ಹಿಡಿದು ತೊಳೆದರೆ ನೀರು ಒಳಗಿಳಿದು ಇನ್ಸುಲೇಷನ್ ದೋಷ ತೋರಿಸುತ್ತದೆ, ಒಣಗುವವರೆಗೆ ಚಾರ್ಜ್ ತಗೊಳ್ಳುವುದಿಲ್ಲ. ಬ್ಯಾಟರಿ ನೂರಕ್ಕೆ ನೂರು ತುಂಬಿ ಹೊರಟ ಮೊದಲ ಸುತ್ತಿನಲ್ಲಿ ರೀಜೆನ್, ಅಂದರೆ ಮೋಟರೇ ಬಸ್ಸನ್ನು ತಡೆದು ಬ್ಯಾಟರಿ ತುಂಬಿಸುವ ಬ್ರೇಕು, ಅದರ ಹಿಡಿತ ಕಡಿಮೆ. ಕಾಲು ಎತ್ತಿದರೆ ಬಸ್ಸು ನಿಧಾನವಾಗುತ್ತದೆ ಎಂದು ರೂಢಿಯಾದ ಚಾಲಕ ಆಗ ತಡವಾಗಿ ಬ್ರೇಕ್ ಒತ್ತುತ್ತಾರೆ. ಮಾರ್ಕೆಟ್ಟಿನಂಥ ಕಡೆ ತಲೆಯ ಮೇಲೆ ಮೂಟೆ ಹೊತ್ತವರಿಗೆ ಸದ್ದಿಲ್ಲದ ಬಸ್ಸು ಗೊತ್ತಾಗುವುದೂ ಇಲ್ಲ. ಈ ಎರಡನ್ನೂ ತರಬೇತಿಯ ಮೊದಲ ದಿನವೇ ರಸ್ತೆಯ ಮೇಲೆ ತೋರಿಸಬೇಕು.

ಎಂಟು ಬಸ್ಸಿಗೆ 60ರಂತೆ ಡಿಪೋಗೆ 480 ಕಿಲೋವ್ಯಾಟ್ ಕೇಳುವ ಅಗತ್ಯವಿಲ್ಲ, ಕೇಳಿದ ಕಿಲೋವ್ಯಾಟಿನ ಮೇಲೆ ಬೀಳುವ ಡಿಮ್ಯಾಂಡ್ ಶುಲ್ಕ ತಿಂಗಳು ತಿಂಗಳು ದಂಡ. 30 ಕಿಲೋವ್ಯಾಟಿನಂತೆ ನಾಲ್ಕು ಗನ್ (ಬಸ್ಸಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್), ಒಟ್ಟು 120 ಸಾಕು. ರಾತ್ರಿ 10ಕ್ಕೆ ನಾಲ್ಕು ಬಸ್ಸು, ಒಂದೂಕಾಲಕ್ಕೆ ಉಳಿದ ಮೂರು. ಆ ಒಂದೂಕಾಲಕ್ಕೆ ಗನ್ ಬದಲಿಸಲು ಒಬ್ಬರು ಎಚ್ಚರವಿರಬೇಕು. ಪಿನ್ ಸರಿಯಾಗಿ ಕೂರದಿದ್ದರೆ ಬಿಸಿಯಾಗಿ ಕರೆಂಟು ತಾನಾಗಿ ಇಳಿಯುತ್ತದೆ, ಚಾರ್ಜರ್ ಮಾತ್ರ ಓಡುತ್ತಿರುವಂತೆಯೇ ಕಾಣುತ್ತದೆ. ಸಿಕ್ಕಿಸಿ ಹೋಗದೆ, ಎರಡು ಗಂಟೆಗೊಮ್ಮೆ ಪರದೆಯ ಮೇಲಿನ ಕಿಲೋವ್ಯಾಟ್ ಓದಿ ಪುಸ್ತಕದಲ್ಲಿ ಬರೆಯಬೇಕು. 30ರ ಬದಲು 12 ಕಂಡರೆ ಗನ್ ತೆಗೆದು ಒರೆಸಿ ಮತ್ತೆ ಹಾಕಿ.